ಬಾಣಲೆಗೆ ಬಿದ್ದ ತೊಟ್ಟಿಲ ಹೊದಿಕೆ

"ಇನ್ನು ಮುಂದೆ ಈ ಮನೆಯ ಹೊಸ್ತಿಲೊಳಗೆ ಕೆಮಿಕಲ್ ಬಣ್ಣ ಕಾಲಿಡಕೂಡದು!"

ಶಿವಮೊಗ್ಗದ ರಾಗಿಗುಡ್ಡದ ನಮ್ಮ ಬಾಡಿಗೆ ಮನೆಯ ಹಾಲಿನಲ್ಲಿ ನಿಂತು ನಾನು ಹೀಗೆ ಘೋಷಿಸಿದಾಗ ಸಭೆಯಲ್ಲಿ ಹಾಜರಿದ್ದವಳು ನನ್ನ ಹೆಂಡತಿ ಇಂಪನಾ ಒಬ್ಬಳೇ. ಅವಳೂ ಸೋಫಾದ ಮೇಲೆ ಕಾಲು ಮಡಚಿಕೊಂಡು ಹೆಣಿಗೆಯ ಕಡ್ಡಿ ಆಡಿಸುತ್ತಿದ್ದಳೇ ಹೊರತು ತಲೆ ಎತ್ತಲಿಲ್ಲ.

"ಹಾಗಾದ್ರೆ ಮೊದ್ಲು ನಿಮ್ಮ ಮೀಸೆಯಿಂದ ಶುರು ಮಾಡಿ" ಅಂದಳು.

ಮಹತ್ಕಾರ್ಯಕ್ಕೆ ಹೊರಟವರು ಇಂಥ ಕುಹಕಗಳಿಗೆ ಕಿವಿಗೊಡಬಾರದು. ನಾನು ಕೊಡಲಿಲ್ಲ. ಹಿಂದಿನ ದಿನವಷ್ಟೇ ನವುಲೆಯಲ್ಲಿ ನಡೆದ ಗಿಡಮೂಲಿಕೆ ಬಣ್ಣಗಾರಿಕೆಯ ಶಿಬಿರಕ್ಕೆ ಹೋಗಿ, ಪ್ರಿಯಂವದಾ ಮೇಡಂ ಅವರಿಂದ ಪ್ರಮಾಣಪತ್ರ ಪಡೆದು ಬಂದಿದ್ದೆ. ದಾಳಿಂಬೆ ಸಿಪ್ಪೆಯ ಹಳದಿ, ನೀಲಿಸೊಪ್ಪಿನ ನೀಲಿ, ಎಲ್ಲಕ್ಕಿಂತ ಮಿಗಿಲಾಗಿ ನಮ್ಮ ಅಡಿಕೆ ಚೊಗರಿನ ಕೆಂಪು! ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಗಟ್ಟಿ ರಸಕ್ಕೆ ಇಂಥ ಯೋಗ್ಯತೆ ಇದೆಯೆಂದು ಅಡಿಕೆ ಮಂಡಿಯ ಗುಮಾಸ್ತನಾದ ನನಗೇ ಗೊತ್ತಿರಲಿಲ್ಲ. ದಿನವಿಡೀ ಅಡಿಕೆಯ ಮುಖ ನೋಡುವವನು ನಾನು. ಅದರ ರಕ್ತದಲ್ಲಿ ಇಷ್ಟು ಕಲೆ ಹರಿಯುತ್ತಿದೆಯೆಂದು ತಿಳಿದು ರೋಮಾಂಚನವಾಯಿತು.

ಕಲೆಯನ್ನು ಪ್ರಯೋಗಿಸಲು ಒಂದು ಬಟ್ಟೆ ಬೇಕಲ್ಲ? ಅದು ಇಂಪನಾಳ ಕೈಯಲ್ಲೇ ಇತ್ತು.

ಅವಳ ತಂಗಿ ಸಮತಾಳಿಗೆ ಹೆಣ್ಣುಮಗು ಹುಟ್ಟಿತ್ತು. ಭಾನುವಾರ ಭದ್ರಾವತಿಯ ತವರಿನಲ್ಲಿ ತೊಟ್ಟಿಲು ಶಾಸ್ತ್ರ. ಅಂಗಡಿಯ ಬಣ್ಣದ ಹೊದಿಕೆ ಮೊಮ್ಮಗಳ ಮೈಗೆ ತಾಗಕೂಡದೆಂದು ನನ್ನ ಅತ್ತೆ ಉಚ್ಚಂಗಮ್ಮನವರು ಕುರಿಮರಿಯ ಬಿಳಿ ಉಣ್ಣೆಯನ್ನು ಕೈಯಲ್ಲೇ ನೂಲಿಸಿ ದೊಡ್ಡ ಮಗಳಿಗೆ ಕಳಿಸಿದ್ದರು. ಇಂಪನಾ ಹೆಣೆದಳು, ಹೆಣಿಗೆಯ ಒಂದು ಕಣ್ಣು ತಪ್ಪಿತೆಂದು ಬಿಚ್ಚಿದಳು, ಮತ್ತೆ ಹೆಣೆದಳು. ಬಾಣಂತಿ ತಂಗಿಯ ಮೇಲಿನ ಪ್ರೀತಿಯನ್ನೆಲ್ಲ ಆ ಹೊದಿಕೆಗೇ ಹಾಕಿದ್ದಳು. ಅನ್ನ ಸೀದರೂ ಅವಳ ಕಡ್ಡಿ ನಿಲ್ಲುತ್ತಿರಲಿಲ್ಲ. ಸೀದ ಅನ್ನ ಉಂಡವನು ನಾನಾದ್ದರಿಂದ ಆ ಹೊದಿಕೆಯಲ್ಲಿ ನನ್ನದೂ ಒಂದು ಪಾಲಿತ್ತು.

"ತೊಟ್ಟಿಲ ಮಗುವಿಗೆ ಬರೀ ಬಿಳಿ ಹೊದಿಸ್ತೀಯಾ? ಆಸ್ಪತ್ರೆ ವಾರ್ಡ್ ಇದ್ದಂಗಿರುತ್ತೆ. ನಾನು ಅದಕ್ಕೆ ಉದಯ ಸೂರ್ಯನ ಕೆಂಪು ಬಳೀತೀನಿ!"

"ರೀ, ಅಮ್ಮನ ಮನೆ ಫ್ಯಾನ್ ರಿಪೇರಿ ಮಾಡ್ತೀನಿ ಅಂತ ಹೋಗಿ ಇಡೀ ಬೀದಿ ಕರೆಂಟ್ ತೆಗೆದೋರು ನೀವು."

ಅಲ್ಲೇ ಇದ್ದದ್ದು ವಿಷಯ! ಆ ಫ್ಯಾನಿನ ಪ್ರಕರಣದ ನಂತರ ಅತ್ತೆಯವರ ಕಣ್ಣಿನಲ್ಲಿ ನಾನು ಊಟಕ್ಕೆ ಲಾಯಕ್ಕಾದ, ಕೆಲಸಕ್ಕೆ ನಾಲಾಯಕ್ಕಾದ ಜೀವಿಯಾಗಿಬಿಟ್ಟಿದ್ದೆ. ಒಂದು ಸಲ, ಒಂದೇ ಒಂದು ಸಲ, ಅವರ ಬಾಯಿಂದ "ನಮ್ಮ ಅಳಿಯಂದ್ರು ಮಾಡಿದ್ದು" ಅನ್ನುವ ಮಾತು ಬಂಧುಬಳಗದ ಎದುರು ಹೊರಡಬೇಕೆಂಬುದು ನನ್ನ ಜೀವಮಾನದ ಆಸೆ.

ಉಳಿದ ನೂಲಿನ ಒಂದು ತುಂಡನ್ನು ಪಟಿಕದ ನೀರಿನಲ್ಲಿ ನೆನೆಸಿ, ಪುಟ್ಟ ಸ್ಟೀಲ್ ಪಾತ್ರೆಯಲ್ಲಿ ಶಿಬಿರದಿಂದ ತಂದ ಚೊಗರು ಹಾಕಿ ಕುದಿಸಿ ತೋರಿಸಿದೆ. ಎಂಥ ಬಣ್ಣ ಬಂತು ಅಂತೀರಿ! ಹೊಸ ಇಟ್ಟಿಗೆಯ ತಿಳಿಗೆಂಪು. ಇಂಪನಾ ಅದನ್ನು ಕೆನ್ನೆಗೆ ಒತ್ತಿಕೊಂಡು ನೋಡಿದಳು. ಸೋತಳು.

"ಆಯ್ತು ಮಾರಾಯ್ರೆ. ಇದೇ ಬಣ್ಣ ಬರ್ಬೇಕು. ಒಂದ್ ಚೂರು ಆಚೀಚೆ ಆದ್ರೆ ನಾನು ಭದ್ರಾವತಿಯಿಂದ ವಾಪಸ್ ಬರಲ್ಲ, ನೋಡಿ!" ಎಂದು ಹೊದಿಕೆಯನ್ನು ನನ್ನ ಕೈಗಿತ್ತು, ಅಮ್ಮನಿಗೆ ನೆರವಾಗಲು ಶುಕ್ರವಾರವೇ ಬಸ್ಸು ಹತ್ತಿದಳು. ಹೋಗುವಾಗ ಇನ್ನೊಂದು ಆಜ್ಞೆ: "ನನ್ನ ಅಡಿಗೆ ಪಾತ್ರೆ ಯಾವ್ದನ್ನೂ ಮುಟ್ಟಬೇಡಿ."

ಶನಿವಾರ ಬೆಳಿಗ್ಗೆ ಮಂಡಿಯ ಸಹೋದ್ಯೋಗಿ ಹಿರಿಯಣ್ಣ ಹೊಳಲೂರಿನಿಂದ ಒಂದು ಕ್ಯಾನ್ ತುಂಬ ಚೊಗರು ಹೊತ್ತು ತಂದ. ಅವನ ಮನೆಯಲ್ಲಿ ಅಡಿಕೆ ಬೇಯಿಸುತ್ತಾರೆ.

"ಎಂತ ಮಾರಾಯ, ಹೆಂಡ್ತಿ ಇಲ್ದಾಗ ಜನ ಬೇರೆ ಕ್ಯಾನ್ ತರಿಸ್ತಾರೆ. ನೀನು ಚೊಗರು ತರಿಸ್ತೀಯಲ್ಲ!" ಅಂದ.

ಈಗ ಪಾತ್ರೆಯ ಪ್ರಶ್ನೆ. ಹೊದಿಕೆ ಮುಳುಗುವಷ್ಟು ದೊಡ್ಡದು ಬೇಕು, ಅಡಿಗೆಮನೆಯದಾಗಿರಬಾರದು. ಅಟ್ಟದ ಮೇಲೆ ಕಣ್ಣು ಹೋಯಿತು. ಅಲ್ಲಿತ್ತು ನಮ್ಮ ಮದುವೆಯಲ್ಲಿ ಮಾವ ಪುಟ್ಟಪ್ಪನವರು ಕೊಟ್ಟ ಮಹಾ ಬಾಣಲೆ! ಮಾವ ಜೀವನವೆಲ್ಲ ಭದ್ರಾವತಿಯ ಕಾರ್ಖಾನೆಯ ಕುಲುಮೆಯ ಮುಂದೆ ಬೆವರು ಸುರಿಸಿದವರು. ಅಳಿಯನಿಗೆ ಬೆಳ್ಳಿ ಲೋಟ ಕೊಡಿ ಎಂದು ಎಲ್ಲರೂ ಹೇಳಿದರೂ ಕೇಳದೆ, "ನಮ್ಮೂರ ಕಬ್ಬಿಣದ ಮುಂದೆ ಬೆಳ್ಳಿ ಯಾವ ಲೆಕ್ಕ?" ಎಂದು ಇದನ್ನು ಮಾಡಿಸಿ ಕೊಟ್ಟಿದ್ದರು. ಇಬ್ಬರು ಹಿಡಿದರೆ ಮಾತ್ರ ಮೇಲೇಳುವ ಬಾಣಲೆ.

ನನ್ನ ತಲೆಯಲ್ಲಿ ಮಿಂಚು ಹೊಳೆಯಿತು. ನಮ್ಮ ಕಡೆಯ ಅಡಿಕೆ, ಅವರ ಕಡೆಯ ಕಬ್ಬಿಣ! ಶಿವಮೊಗ್ಗದ ಅಳಿಯ ಭದ್ರಾವತಿಯ ಬಾಣಲೆಯಲ್ಲಿ ಬಣ್ಣ ಕಟ್ಟಿದ ಎಂದು ಗೊತ್ತಾದರೆ ಮಾವನ ಎದೆ ಎಷ್ಟು ಉಬ್ಬಬಹುದು! ಹಿರಿಯಣ್ಣನೂ ನಾನೂ ಏದುಸಿರು ಬಿಡುತ್ತ ಅದನ್ನು ಇಳಿಸಿ ಹಿತ್ತಲಿನ ನೀರೊಲೆಯ ಮೇಲೆ ಕೂರಿಸಿದೆವು. ಚೊಗರು ಸುರಿದೆವು. ಹೊದಿಕೆಯನ್ನು ಎರಡೂ ಕೈಯಲ್ಲಿ ಹಿಡಿದು, ಮಗುವಿಗೆ ಮೊದಲ ಸ್ನಾನ ಮಾಡಿಸುವಷ್ಟು ನಾಜೂಕಾಗಿ ಇಳಿಬಿಟ್ಟೆ.

ಸ್ವಲ್ಪ ಹೊತ್ತು ಕೆಂಪಗಿತ್ತು. ಆಮೇಲೆ ಕಂದಾಯಿತು.

"ಚಂದ್ರಣ್ಣ, ಇದು ಸೂರ್ಯೋದಯವಾ ಸೂರ್ಯಾಸ್ತವಾ?" ಹಿರಿಯಣ್ಣ ಬಗ್ಗಿ ನೋಡಿದ.

"ಇನ್ನೂ ಕುದೀಲಿ. ಬಣ್ಣ ಒಳಗೆ ಇಳೀತಾ ಇದೆ."

ಇಳಿಯಿತು. ಪಾತಾಳಕ್ಕೆ ಇಳಿಯಿತು! ಕೋಲಿನಿಂದ ಎತ್ತಿ ನೋಡಿದರೆ ಹೊದಿಕೆ ಬೂದಿಯಾಗಿತ್ತು. ಮತ್ತೊಮ್ಮೆ ಎತ್ತಿದಾಗ ಇದ್ದಿಲಾಗಿತ್ತು. ಮೂರನೆಯ ಸಲ ಎತ್ತುವಷ್ಟರಲ್ಲಿ ಅಮಾವಾಸ್ಯೆ! ಅಷ್ಟು ಕಪ್ಪನ್ನು ನಾನು ಎಮ್ಮೆಯ ಮೈಮೇಲೂ ಕಂಡಿಲ್ಲ. ಕೈಯಿಂದ ಹಿಂಡಿದೆ, ಅಲ್ಲಿ ಇಲ್ಲಿ ಒರೆಸಿಕೊಂಡೆ, ಬೆವರು ಇಳಿಯಿತೆಂದು ಹಣೆ ಸವರಿದೆ, ಮೂಗು ಕೆರೆದೆ, ಕೆನ್ನೆಯ ಮೇಲೆ ಕೂತ ಸೊಳ್ಳೆಗೆ ಪಟಾರನೆ ಬಾರಿಸಿದೆ. ಹಿರಿಯಣ್ಣ ನನ್ನ ಮುಖ ನೋಡಿದವನೇ ಎರಡು ಹೆಜ್ಜೆ ಹಿಂದೆ ಸರಿದ.

ಪ್ರಿಯಂವದಾ ಮೇಡಂಗೆ ಫೋನ್ ಮಾಡಿದೆ.

"ಮೇಡಂ, ನೀವು ಹೇಳಿಕೊಟ್ಟ ಕೆಂಪು ಕಪ್ಪಾಗಿಬಿಡ್ತು!"

"ಯಾವ ಪಾತ್ರೆ ಸರ್?"

"ಬಾಣಲೆ."

"ಕಬ್ಬಿಣದ್ದಾ?"

"ಭದ್ರಾವತಿ ಕಬ್ಬಿಣ ಮೇಡಂ!" ಹೆಮ್ಮೆಯಿಂದಲೇ ಹೇಳಿದೆ.

"ಸರ್, ಚೊಗರಿಗೆ ಕಬ್ಬಿಣ ತಾಗಿದ್ರೆ ಕಡುಗಪ್ಪು ಆಗುತ್ತೆ ಅಂತ ಊಟ ಆದ್ಮೇಲೆ ಒಂದು ಗಂಟೆ ಪಾಠ ಮಾಡಿದೆ. ನೀವು ಎಲ್ಲಿದ್ರಿ?"

ಎಲ್ಲಿದ್ದೆ? ಊಟಕ್ಕೆ ಒಬ್ಬಟ್ಟು ಮಾಡಿಸಿದ್ದರು. ಎರಡನೆಯ ಪಂಕ್ತಿಯಲ್ಲೂ ಕೂತಿದ್ದೆ.

"ಈಗ ತೊಳೆದರೆ ಬಿಡುತ್ತಾ ಮೇಡಂ?" ಎಂದೆ. "ಬಿಡಲ್ಲ" ಎಂದರು. ಬಿಡುವುದಿಲ್ಲ ಎಂದರೆ ಬಿಡಿಸಲೇಬೇಕೆಂಬ ಛಲ ನನ್ನದು! ಹೊದಿಕೆಯನ್ನು ವಾಷಿಂಗ್ ಮೆಷಿನ್ನಿಗೆ ತುರುಕಿ, ಕುದಿಯುವಂಥ ಬಿಸಿನೀರು ಬಿಟ್ಟು, ಸೋಪಿನ ಪುಡಿ ಧಾರಾಳವಾಗಿ ಸುರಿದು, ಇರುವುದರಲ್ಲೇ ರಭಸದ ಗುಂಡಿ ಒತ್ತಿದೆ. ಮೆಷಿನ್ ಗುಡುಗಿತು, ಗಡಗಡ ನಡುಗಿತು, ಗೋಡೆಯ ಕಡೆಗೆ ನಾಲ್ಕು ಹೆಜ್ಜೆ ನಡೆದೂಬಿಟ್ಟಿತು. ನಿಂತ ಮೇಲೆ ಮುಚ್ಚಳ ತೆಗೆದೆ.

ಹೊದಿಕೆ ಇರಲಿಲ್ಲ!

ತಳದಲ್ಲಿ ಊಟದ ಮಣೆಯಷ್ಟು ಅಗಲದ, ದೋಸೆಕಲ್ಲಿನಷ್ಟು ಗಟ್ಟಿಯಾದ ಒಂದು ಕರೀ ಪದಾರ್ಥ ಕೂತಿತ್ತು. ಇಂಪನಾ ಒಂದೊಂದಾಗಿ ಹಾಕಿದ ಹೆಣಿಗೆಯ ಕಣ್ಣುಗಳೆಲ್ಲ ಕೂಡಿಕೊಂಡು ಮುಚ್ಚಿಹೋಗಿದ್ದವು. ಎಳೆದೆ, ಹಿಗ್ಗಲಿಲ್ಲ. ಹಿರಿಯಣ್ಣ ಆ ತುದಿ ಹಿಡಿದ, ನಾನು ಈ ತುದಿ ಹಿಡಿದೆ, ಹಗ್ಗಜಗ್ಗಾಟವೇ ನಡೆಯಿತು. ಹಿಗ್ಗಲಿಲ್ಲ. ಮತ್ತೆ ಫೋನ್.

"ಉಣ್ಣೆಯನ್ನ ಬಿಸಿನೀರಲ್ಲಿ ಹಾಕಿ ಗಿರಗಿರ ತಿರುಗಿಸಿದ್ರಾ?" ಮೇಡಂ ಧ್ವನಿಯಲ್ಲಿ ಅಳುವೋ ನಗುವೋ ತಿಳಿಯಲಿಲ್ಲ. "ಸರ್, ದಯವಿಟ್ಟು ಆ ಪ್ರಮಾಣಪತ್ರ ಯಾರಿಗೂ ತೋರಿಸ್ಬೇಡಿ."

ಅಷ್ಟರಲ್ಲಿ ಇಂಪನಾಳ ವಿಡಿಯೋ ಕಾಲ್. ಕಟ್ ಮಾಡಿ ಬರೀ ಫೋನ್ ಮಾಡಿದೆ.

"ಬಣ್ಣ ಹೇಗೆ ಬಂತ್ರೀ?"

"ಗಾಢವಾಗಿ ಬಂದಿದೆ."

"ಮುಖ ಯಾಕೆ ತೋರಿಸ್ತಿಲ್ಲ?"

"ನಾಳೆ ಹೇಗಿದ್ರೂ ನೋಡ್ತೀಯಲ್ಲ!"

ಮುಖ ತೋರಿಸುವ ಹಾಗಿರಲಿಲ್ಲ. ಹಣೆಗೆ ಮೂರು ಪಟ್ಟೆ, ಮೂಗಿನ ತುದಿಗೆ ದುಂಡನೆಯ ಕಪ್ಪು, ಕೆನ್ನೆಯ ಮೇಲೆ ಸೊಳ್ಳೆಯ ಸ್ಮಾರಕವಾಗಿ ಐದು ಬೆರಳು. ನಿಂಬೆಹಣ್ಣು, ಕಡಲೆಹಿಟ್ಟು, ಸೀಮೆಎಣ್ಣೆ, ಪಾತ್ರೆ ತಿಕ್ಕುವ ನಾರು ಎಲ್ಲವೂ ಆಯಿತು. ಚರ್ಮ ಹೋಗುತ್ತಿತ್ತೇ ವಿನಾ ಚೊಗರು ಹೋಗುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಆ ಪದಾರ್ಥವನ್ನು ಚೀಲದಲ್ಲಿಟ್ಟುಕೊಂಡು, ಕರವಸ್ತ್ರದಿಂದ ಅರ್ಧ ಮುಖ ಮುಚ್ಚಿಕೊಂಡು ಭದ್ರಾವತಿಯ ಬಸ್ಸು ಹತ್ತಿದೆ. ಪಕ್ಕದ ಸೀಟಿನ ಹೆಂಗಸು ಮಗುವನ್ನು ಕಿಟಕಿಯ ಕಡೆಗೆ ಬದಲಾಯಿಸಿಕೊಂಡಳು. ಅತ್ತೆಮನೆಯ ಗೇಟಿನಲ್ಲೇ ಮಾವ ಎದುರಾದರು. ಕಾರ್ಖಾನೆಯಲ್ಲಿ ತಮಿಳು ಗೆಳೆಯರ ಜೊತೆ ದುಡಿದು ದುಡಿದು ಅವರಿಗೆ ನಾನು ಮೊದಲಿನಿಂದಲೂ ಅಳಿಯನಲ್ಲ, ಮಾಪ್ಳೆ.

"ಏನ್ ಮಾಪ್ಳೆ ಇದು! ಬಸ್ಸಲ್ಲಿ ಬಂದ್ರಾ, ಫರ್ನೇಸ್ ಒಳಗಿಂದ ಬಂದ್ರಾ?"

ನೇರ ಹಿತ್ತಲಿಗೆ ಹೋಗಿ ಇಂಪನಾಳನ್ನು ಕರೆದೆ. ದಾರಿಯುದ್ದಕ್ಕೂ ಮೂರು ನಮೂನೆಯ ಸುಳ್ಳು ಹೊಸೆದುಕೊಂಡು ಬಂದಿದ್ದೆ. ಅವಳ ಮುಖ ನೋಡಿದ ಮೇಲೆ ಒಂದೂ ಬಾಯಿಗೆ ಬರಲಿಲ್ಲ. ಚೀಲದಿಂದ ತೆಗೆದು ಕೈಯಲ್ಲಿಟ್ಟೆ.

"ಇದೆಂತದು?"

"ಹೊದಿಕೆ."

ಬೈಯುತ್ತಾಳೆಂದು ತಲೆ ತಗ್ಗಿಸಿ ನಿಂತೆ. ಬೈಯಲಿಲ್ಲ. ಆ ಕರೀ ತುಂಡನ್ನು ತಿರುಗಿಸಿ ತಿರುಗಿಸಿ, ತಾನು ಹಾಕಿದ ಹೆಣಿಗೆ ಎಲ್ಲಾದರೂ ಕಾಣುತ್ತದೆಯೇ ಎಂದು ಬೆರಳಾಡಿಸಿ ಹುಡುಕಿದಳು. ಕಣ್ಣಲ್ಲಿ ನೀರು ಬಂತು. ನನಗೆ ನಿಜಕ್ಕೂ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ನನ್ನ ಗಂಡಸುತನದ ಗತ್ತಿಗೆ ಅವಳ ತಿಂಗಳುಗಟ್ಟಲೆಯ ಕೆಲಸವನ್ನು ಬೇಯಿಸಿ ಹಾಕಿದ್ದೆ.

"ಈಗ ಸಮತಾಗೆ ಏನು ಹೇಳ್ಲಿ ರೀ?" ಅಂದಳು.

ಅಷ್ಟರಲ್ಲಿ ಒಳಗಿನಿಂದ ಗದ್ದಲ ಕೇಳಿಸಿತು. ಇಬ್ಬರೂ ಓಡಿದೆವು.

ಹಾಲಿನ ತುಂಬ ಜನ. ಹೂವು ಸುತ್ತಿದ ತೊಟ್ಟಿಲು ಸಿದ್ಧವಾಗಿತ್ತು. ಅದರ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತವರು ಸಮತಾಳ ಅತ್ತೆ ಹುಲಿಗೆಮ್ಮ. ಚಳ್ಳಕೆರೆ ಕಡೆಯವರು, ಕುರಿ ಉಣ್ಣೆಯ ನಡುವೆಯೇ ಹುಟ್ಟಿ ಬೆಳೆದವರು.

"ತೊಟ್ಲಾಗೆ ಹಾಸಾಕೆ ಕರೀ ಕಂಬ್ಳಿ ತುಂಡು ಎಲ್ಲೈತೆ ಉಚ್ಚಂಗಮ್ಮಾರೇ?"

ಅತ್ತೆ ಕಣ್ಣು ಬಿಟ್ಟರು. "ಕಂಬ್ಳಿನಾ? ಅದ್ಯಾರೂ ಹೇಳ್ಲೇ ಇಲ್ವಲ್ಲ!"

"ಹೇಳೋದೇನೈತೆ? ನಮ್ ಕಡೆ ಕರೀ ಕಂಬ್ಳಿ ಮ್ಯಾಲೆ ಮಲಗಿಸ್ದೆ ಕೂಸಿನ್ನ ತೊಟ್ಲಿಗೆ ಹಾಕಾಕಿಲ್ಲ. ತವರುಮನೇರೇ ತರಬೇಕು. ನಮ್ಮ ಅತ್ತೆಗೂ ಹಂಗೇ, ನಂಗೂ ಹಂಗೇ."

ಮಾವ ಕೂಡಲೇ ಸ್ಕೂಟರ್ ಹತ್ತಿ ಪೇಟೆಗೆ ಓಡಿದರು. ಭಾನುವಾರ, ಅರ್ಧ ಅಂಗಡಿ ಮುಚ್ಚಿತ್ತು. ಒಂದು ರಗ್ಗು ಹಿಡಿದುಕೊಂಡು ಬಂದರು. ಬಿಡಿಸಿ ನೋಡಿದರೆ ಮಧ್ಯದಲ್ಲಿ ಬಾಯಿ ತೆರೆದ ದೊಡ್ಡ ಹುಲಿ!

"ಹುಲಿ ಬಾಯಾಗೆ ಕೂಸು ಮಲಗಿಸ್ತೀರಾ ಬೀಗರೇ? ಇದು ಉಣ್ಣೆನೂ ಅಲ್ಲ, ಪ್ಲಾಸ್ಟಿಕ್ಕು!" ಹುಲಿಗೆಮ್ಮ ಅದನ್ನು ಮೂಸಿ ಬದಿಗೆಸೆದರು.

ಅತ್ತೆಯ ಮುಖ ಬಿಳಿಚಿಕೊಂಡಿತು. ಇಡೀ ನ್ಯೂ ಟೌನ್ ಬಡಾವಣೆಗೆ ಬುದ್ಧಿ ಹೇಳುವ ಉಚ್ಚಂಗಮ್ಮನವರು ಬೀಗರ ಮುಂದೆ ಸೆರಗಿನ ಅಂಚು ತಿರುವುತ್ತ ನಿಂತದ್ದನ್ನು ನಾನು ಅದೇ ಮೊದಲ ಸಲ ಕಂಡೆ. ಸಮತಾ ಮಗುವನ್ನು ಎದೆಗವಚಿಕೊಂಡು ಅಳುವ ಹಾಗಾಗಿದ್ದಳು. ಮುಹೂರ್ತ ಮೀರುತ್ತಿತ್ತು.

ಆಗ ಹುಲಿಗೆಮ್ಮನವರ ಕಣ್ಣು ಇಂಪನಾಳ ಕೈಯ ಮೇಲೆ ಬಿತ್ತು.

"ಅದೇನವ್ವಾ ಅದು?"

ಇಂಪನಾ ಬೆನ್ನ ಹಿಂದೆ ಬಚ್ಚಿಡುವ ಮೊದಲೇ ಅದು ಅವರ ಕೈ ಸೇರಿತ್ತು. ನಾನು ಹೊಸ್ತಿಲ ಕಡೆಗೆ ಸರಿದೆ. ಓಡುವುದಾದರೆ ಚಪ್ಪಲಿ ಹತ್ತಿರವಿರಲಿ ಎಂದು. ಹುಲಿಗೆಮ್ಮ ಅದನ್ನು ಚಿವುಟಿದರು, ಎಳೆದರು, ಬೆಳಕಿಗೆ ಹಿಡಿದರು. ಒಂದು ಚೂರೂ ಬೆಳಕು ತೂರಲಿಲ್ಲ. ಮೂಸಿದರು. ಮೂಲೆಗೆ ನೀರು ಚಿಮುಕಿಸಿ ತಮ್ಮ ಬಿಳಿ ಕರವಸ್ತ್ರದಿಂದ ಗಸಗಸ ಉಜ್ಜಿದರು. ಕರವಸ್ತ್ರ ಹಾಲಿನಂತೆ ಬೆಳ್ಳಗೇ ಇತ್ತು. ಬಣ್ಣ ಎಲ್ಲಿ ಬಿಟ್ಟೀತು? ಬಿಡಿಸಲು ನಾನೇ ಒಂದು ಹಗಲಿಡೀ ಹೆಣಗಿ ಸೋತಿರಲಿಲ್ಲವೇ!

"ಅಬ್ಬಬ್ಬಾ! ಕೈಯಾಗೆ ನೂತ ಮರಿ ಉಣ್ಣೆ! ಎಷ್ಟು ಬಿಗಿ, ಎಂಥಾ ಕರೀ ಬಣ್ಣ! ಇಂಥಾ ತುಂಡು ನಮ್ಮೂರಾಗೂ ಈಗ ಸಿಗಾಕಿಲ್ಲ! ಇಟ್ಕಂಡೂ ನಮ್ಮನ್ನ ಆಟ ಆಡಿಸ್ತೀರಲ್ಲ ಉಚ್ಚಂಗಮ್ಮಾರೇ! ಯಾರು ಮಾಡಿದ್ದು ಇದು?"

ಅತ್ತೆ ಕಂಬಳಿಯನ್ನು ನೋಡಿದರು. ಇಂಪನಾಳನ್ನು ನೋಡಿದರು. ಆಮೇಲೆ ನನ್ನ ಕೈ, ಹಣೆ, ಕರವಸ್ತ್ರ ಜಾರಿ ಕಾಣುತ್ತಿದ್ದ ಮೂಗು, ಕೆನ್ನೆ ಎಲ್ಲವನ್ನೂ ನೋಡಿದರು. ಅವರಿಗೆ ಎಲ್ಲವೂ ಅರ್ಥವಾಯಿತೆಂದು ನನಗೂ ಅರ್ಥವಾಯಿತು. ಗಂಟಲು ಸರಿಮಾಡಿಕೊಂಡರು.

"ನಮ್ಮ ಅಳಿಯಂದ್ರು ಮಾಡಿದ್ದು" ಅಂದರು.

ಆಹಾ! ಬಂತು, ಆ ಬಾಯಿಂದ ಆ ಮಾತು ಬಂದೇಬಿಟ್ಟಿತು! ಬಂಧುಬಳಗದ ಎದುರು, ಬೀಗರ ಎದುರು, ಗಟ್ಟಿಯಾಗಿ! ಜನ ತಿರುಗಿ ನನ್ನನ್ನು ನೋಡಿದರು. ನಾನು ಹೊಸ್ತಿಲು ಬಿಟ್ಟು ಸಭಾಮಧ್ಯಕ್ಕೆ ನಡೆದೆ. ಕರವಸ್ತ್ರ ಕಿತ್ತೆಸೆದೆ.

"ಇದು ಅಪ್ಪಟ ಗಿಡಮೂಲದ ಬಣ್ಣ. ಶಿವಮೊಗ್ಗದ ಚೊಗರನ್ನ ಭದ್ರಾವತಿ ಕಬ್ಬಿಣಕ್ಕೆ ಹದವಾಗಿ ತಾಗಿಸ್ಬೇಕು. ಆಮೇಲೆ ಬಿಸಿನೀರಲ್ಲಿ ಒಂದು ಕ್ರಮದಲ್ಲಿ ತಿರುಗಿಸಿದ್ರೆ ಉಣ್ಣೆ ಬಿಗಿಯಾಗುತ್ತೆ. ಎಲ್ಲರ ಕೈಲೂ ಆಗಲ್ಲ" ಎಂದೆ.

"ನಾನು ಕೊಟ್ಟ ಬಾಣ್ಲೀನಾ ಮಾಪ್ಳೆ?" ಮಾವನ ಕಣ್ಣು ತುಂಬಿ ಬಂತು.

"ಅದೇ ಬಾಣಲೆ ಮಾವ! ಅದಿಲ್ದಿದ್ರೆ ಈ ಬಣ್ಣ ಬರ್ತಾನೇ ಇರ್ಲಿಲ್ಲ!" ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

"ಹೆಣೆದೋಳು ನಾನು" ಎಂದು ಇಂಪನಾ ನನ್ನ ಸೊಂಟ ಚಿವುಟಿದಳು. ಎಲ್ಲರಿಗೂ ಕೇಳುವಂತೆ ಅದನ್ನೂ ಹೇಳಿದೆ. ಅವಳ ಮುಖದಲ್ಲಿ ನಗು ಬಂದ ಮೇಲೆಯೇ ನನಗೆ ಸರಿಯಾಗಿ ಉಸಿರಾಡಲು ಆದದ್ದು. ಕರೀ ತುಂಡಿನ ಮೇಲೆ ಹತ್ತಿಯ ಬಟ್ಟೆ ಹಾಸಿದರು. ಹುಲಿಗೆಮ್ಮ ಮೊಮ್ಮಗಳನ್ನು ಎತ್ತಿ ಮಲಗಿಸಿದರು. ಅಳತೆ ತೆಗೆದುಕೊಂಡು ಮಾಡಿದ ಹಾಗೆ, ತಲೆಯಿಂದ ಕಾಲಿನವರೆಗೆ ಕೂಸು ಅದರಲ್ಲಿ ಸರಿಯಾಗಿ ಹಿಡಿಸಿತು. ಹೆಂಗಸರು ಜೋಗುಳ ಹಾಡಿದರು. ಪಕ್ಕದ ಮನೆಯ ಕಾಶಮ್ಮ ತಮ್ಮ ಸೊಸೆಯ ಹೆರಿಗೆಗೂ ಒಂದು ತುಂಡು ಬೇಕೆಂದು ಕೇಳಿಯೇಬಿಟ್ಟರು. ವಿಚಾರ ಮಾಡಿ ಹೇಳುತ್ತೇನೆಂದು ಗತ್ತಿನಿಂದಲೇ ಅಂದೆ.

"ಕೂಸು ಏನು ಲಕ್ಷಣವಾಗಿದ್ಯೇ ಸಮತಾ! ಇಷ್ಟು ಜನದ ಕಣ್ಣು ಬೀಳುತ್ತೆ, ದೃಷ್ಟಿ ಬೊಟ್ಟಿಡಮ್ಮಾ" ಎಂದು ಯಾರೋ ಅಂದರು. ಸಮತಾ ಕಾಡಿಗೆ ಡಬ್ಬಿ ಹುಡುಕಲು ಎದ್ದಳು.

"ಕಾಡಿಗೆ ಯಾಕೆ? ಕೂತ್ಕೋ" ಎಂದು ಅತ್ತೆ ಮಗಳನ್ನು ತಡೆದರು. "ಅಳಿಯಂದ್ರೆ, ಬನ್ನಿ ಈ ಕಡೆ. ತೊಟ್ಟಿಲ ತಲೆದಿಕ್ಕಿಗೆ ನಿಂತ್ಕೊಳ್ಳಿ."

ಗೌರವ ಸ್ಥಾನ! ಎದೆ ಉಬ್ಬಿಸಿ ನಿಂತೆ. ಮಾವ ಫೋಟೋ ತೆಗೆಯಲು ಮೊಬೈಲ್ ಎತ್ತಿದರು. ಹಾಲಿಗೆ ಹಾಲೇ ನನ್ನನ್ನು ದಿಟ್ಟಿಸುತ್ತಿತ್ತು, ಮಗುವಿನ ಕಡೆಗೆ ಯಾರೂ ನೋಡುತ್ತಿರಲಿಲ್ಲ. ಅತ್ತೆ ನನ್ನನ್ನು ಮೇಲಿಂದ ಕೆಳಗಿನವರೆಗೆ ತೃಪ್ತಿಯಿಂದ ನೋಡಿದರು.

"ಹೊಸ ಮನೆ ಕಟ್ಟೋವಾಗ ಮುಂದೆ ನೇತಾಕ್ತಾರಲ್ಲ, ಥೇಟ್ ಹಂಗೇ ಇದ್ದೀರಿ! ಎಲ್ಲಿ, ನಾಲಿಗೆನೂ ಒಂಚೂರು ಹೊರಗೆ ಚಾಚಿ ನೋಡಣ."

ಏನು ಮಾಡಲಿ? ಚಾಚಿದೆ.